ಹುಳಕ್ಕೆ ದಂಟು, ನೆಂಟರಿಗೆ ಹಿಪ್ಪುನೇರಳೆ

ನಮ್ಮ ಸುಗಟೂರಿನಲ್ಲಿ ನನ್ನಷ್ಟು ಚುರುಕಾಗಿ ಮನೆಗೆಲಸ ಮಾಡುವವರು ಇನ್ನೊಬ್ಬರಿರಲಿಲ್ಲ. ಇದು ಜಂಬವಲ್ಲ, ನಿಜ! ಕೈ ತಾನಾಗಿ ಕೆಲಸ ಮಾಡುತ್ತಿತ್ತು. ಮನಸ್ಸು ಊರೆಲ್ಲ ಸುತ್ತಿ ಬರುತ್ತಿತ್ತು.

ಮನೆಗೆ ಕರೆಂಟು ಬಂದ ಹೊಸತು. ಮಗಳು ಸರೋಜಳನ್ನು ನೋಡಿ ಒಪ್ಪಿದ್ದ ಗೌನಿಪಲ್ಲಿಯವರು ಮಾತು ಪಕ್ಕಾ ಮಾಡಲು ಊಟಕ್ಕೆ ಬರುವವರಿದ್ದರು. ಮುಂಚೆ ಬಂದ ಸಂಬಂಧಗಳೆಲ್ಲ ತಪ್ಪಿಹೋಗಿದ್ದವು, ಇದಾದರೂ ಕೂಡಬೇಕಿತ್ತು. ಅದೇ ಬೆಳಿಗ್ಗೆ ನಮ್ಮ ರೇಷ್ಮೆಹುಳಗಳೂ ಪೊರೆ ಬಿಟ್ಟು ಎದ್ದು ಹಸಿದು ಕೂತಿದ್ದವು. ಹುಳಕ್ಕೆ ಹಿಪ್ಪುನೇರಳೆ ಸೊಪ್ಪು, ನೆಂಟರಿಗೆ ದಂಟಿನ ಸೊಪ್ಪು. ಎರಡನ್ನೂ ಸಣ್ಣಗೆ ಹೆಚ್ಚಿ ಬೇರೆಬೇರೆ ಮಂಕರಿಗೆ ತುಂಬಿದೆ. ಕೈ ಹೆಚ್ಚುತ್ತಿತ್ತು, ಮನಸ್ಸು ಆಗಲೇ ಮದುವೆ ಚಪ್ಪರದಡಿ ಬೀಗರ ಜೊತೆ ಜಗಳವಾಡುತ್ತಿತ್ತು!

ಒಂದು ಮಂಕರಿ ಹುಳದ ಮನೆಗೆ ಹೋಯಿತು. ಇನ್ನೊಂದು ಬೇಳೆಯ ಜೊತೆ ಬೆಂದು, ಒಗ್ಗರಣೆ ಕಂಡು ಮಸ್ಸೊಪ್ಪಾಯಿತು.

ನೆಂಟರು ಮುದ್ದೆ ಮುರಿದು ನುಂಗುತ್ತಿದ್ದರು. ಅಷ್ಟರಲ್ಲಿ ನಮ್ಮ ಯಜಮಾನರು ಹುಳದ ಮನೆಯಿಂದ ಓಡಿಬಂದರು.

"ಲೇ, ಒಂದು ಹುಳಾನೂ ಬಾಯಿ ಹಾಕ್ತಿಲ್ಲ ಕಣೇ! ತಲೆ ಎತ್ಕೊಂಡು ನನ್ನನ್ನೇ ನೋಡ್ತಾವೆ!"

"ಸೆಕೆಗಿರ್ಬೇಕು. ಸುಮ್ನೆ ಕೂತು ಊಟ ಮಾಡ್ರೀ."

"ಸೆಕೆನೂ ಇಲ್ಲ, ಗಿಕೆನೂ ಇಲ್ಲ. ನೋಡಿಲ್ಲಿ!" ಎಂದು ಎಲ್ಲರ ಮುಂದೆ ಅಂಗೈ ಬಿಚ್ಚಿದರು. ಕೆಂಪು ದಂಟಿನ ಚೂರು!

ಹಾಗಾದರೆ ನೆಂಟರು ನುಂಗುತ್ತಿರುವುದು?

ಹುಡುಗನ ತಾಯಿಯ ಕೈ ಎಲೆಯ ಮೇಲೇ ನಿಂತಿತು. "ಏನಮ್ಮಾ, ಹುಳದ ಮೇವು ನಮಗೆ ಬಡಿಸ್ಬಿಟ್ರಾ?"

ಸುಳ್ಳು ಹುಡುಕಿದೆ. ಒಂದೂ ಸಿಗಲಿಲ್ಲ. "ಹೂಂ ಕಣಮ್ಮಾ. ಕೈ ಇಲ್ಲಿತ್ತು, ಬುದ್ಧಿ ಇರ್ಲಿಲ್ಲ."

ಆಕೆ ಸರೋಜಳನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಾಗುಂದಮ್ಮಾ, ಚೆನ್ನಾಗೇ ಇದೆ, ಇನ್ನೊಂದು ಸೌಟು ಹಾಕಿ! ಸುಳ್ಳು ಹೇಳದ ಮನೆ ಸಿಕ್ತಲ್ಲ, ಸಾಕು. ಆದ್ರೆ ಮದ್ವೆ ದಿನ ನೀವು ಒಲೆ ಹತ್ರ ಬರ್ಬೇಡಿ!"

ಮಾತು ಪಕ್ಕಾ ಆಯಿತು. ಹುಳಕ್ಕೂ ಬೇರೆ ಸೊಪ್ಪು ಬಿತ್ತು.

ಅಂದಿನಿಂದ ಪಾತ್ರೆಗೆ ಏನೇ ಹಾಕುವ ಮುಂಚೆ ಒಂದು ಉಸಿರು ಎಳೆಯುವಷ್ಟು ಹೊತ್ತು ನಿಲ್ಲುತ್ತೇನೆ. ಸೊಪ್ಪನ್ನು ನೋಡುತ್ತೇನೆ, ಮೂಸುತ್ತೇನೆ. ದಂಟಿಗೆ ಮಳೆ ಬಿದ್ದ ಮಣ್ಣಿನ ವಾಸನೆಯಿದೆ ಎಂದು ತಿಳಿದದ್ದೇ ಆಮೇಲೆ! ಧ್ಯಾನ ಗೀನ ನನಗೆ ಗೊತ್ತಿಲ್ಲ. ಅಷ್ಟು ಹೊತ್ತಾದರೂ ಮನಸ್ಸು ಮನೆಯಲ್ಲಿರುತ್ತದೆ.

"ಇದನ್ನ ಯಾರು ಹೇಳ್ಕೊಟ್ರಜ್ಜಿ?" ಎಂದು ಮೊಮ್ಮಕ್ಕಳು ಕೇಳುತ್ತಾರೆ. ಯಾರ ಹೆಸರು ಹೇಳಲಿ? ಬಾಯಿಗಿಡುವ ಮುಂಚೆ ಎಲೆ ಯಾವುದೆಂದು ಗಮನಿಸಿದ್ದು ಅಂದು ಇಡೀ ಮನೆಯಲ್ಲಿ ಹುಳಗಳು ಮಾತ್ರ!