ಹಾಲುಗಟ್ಟೆಯ ಏಳು ಬಲಗೈಗಳು

ಸರ್ವಸಾಕ್ಷಿಯಾದ ಕಾಲಪುರುಷನೇ, ನಡಾವಳಿ ಪುಸ್ತಕದೊಳಗೆ ನಿದ್ರಿಸುವ ಅಧಿದೇವತೆಯೇ, ಎದ್ದು ಈ ಬಡ ಕಥೆಗಾರನ ನಾಲಗೆಗೆ ಬಲ ಕೊಡಿರಿ. ಕಲಿಯುಗದ ಪ್ರಥಮಪಾದದಲ್ಲಿ, ಜಂಬೂದ್ವೀಪದ ದಕ್ಷಿಣಭಾಗದಲ್ಲಿ, ದಾವಣಗೆರೆಯಿಂದ ಎರಡು ಬಸ್ಸು ಬದಲಿಸಿದರೆ ಸಿಗುವ ಹಾಲುಗಟ್ಟೆಯೆಂಬ ಗ್ರಾಮದಲ್ಲಿ, ಪಂಚಚಕ್ರಯುಕ್ತ-ಪರಿಭ್ರಮಣಶೀಲ-ಪೀಠಾರೂಢೆಯಾದ ದುರುಗಮ್ಮನೆಂಬ ಪಂಚಾಯತಿ ಅಧ್ಯಕ್ಷೆಯು ನವಸದಸ್ಯಮಂಡಲವನ್ನು ಆಳುತ್ತಿದ್ದಳು. ಅವಳನ್ನು ಆ ಪೀಠದಿಂದ ಕೆಳಗಿಳಿಸಲು ಏಳು ಮಂದಿ ಮಹಾರಥರು ಟೊಂಕ ಕಟ್ಟಿದ ಕಥೆಯಿದು.

ವೈರಕ್ಕೆ ಕಾರಣ ಮಿರ್ಚಿ. ತಿಂಗಳ ಸಭೆಗೆ ಮಂಡಕ್ಕಿ-ಮಿರ್ಚಿ ಬಜ್ಜಿ ತರಿಸುವುದು ಅಲ್ಲಿಯ ಸನಾತನ ಪದ್ಧತಿ. ತಿಂದ ಕೈಯಲ್ಲೇ ಸಹಿ ಹಾಕಿ ಹಾಕಿ ನಡಾವಳಿ ಪುಸ್ತಕವೆಲ್ಲ ಎಣ್ಣೆ ಕುಡಿದು, ಹಿಂದಿನ ತಿಂಗಳ ಠರಾವು ಈ ತಿಂಗಳ ಪುಟದಲ್ಲಿ ಇಣುಕತೊಡಗಿದಾಗ ದುರುಗಮ್ಮ ಮಿರ್ಚಿಯನ್ನು ನಿಲ್ಲಿಸಿದಳು. ಮುಂದಿನ ಸಭೆಯಲ್ಲಿ ಕಚೇರಿ ಹಿತ್ತಲಿನ ಕೆಟ್ಟ ನಲ್ಲಿಯ ರಿಪೇರಿ ಚರ್ಚೆಗೆ ಬಂತು. ಮಿರ್ಚಿಯಿಲ್ಲದ ಸಭೆಗೆ ಧಿಕ್ಕಾರವೆಂದು ಏಳೂ ವೀರರು ಎದ್ದು ನಡೆದರು, ನಲ್ಲಿ ಒಣಗಿಕೊಂಡೇ ಉಳಿಯಿತು. ಅಲ್ಲಿಂದ ನೆಟ್ಟಗೆ ಉಪವಿಭಾಗಾಧಿಕಾರಿಗೆ ಅವಿಶ್ವಾಸದ ನೋಟೀಸು ಹೋಯಿತು. ಒಂಬತ್ತರಲ್ಲಿ ಆರು ಕೈ ಮೇಲೆದ್ದರೆ ಅಧ್ಯಕ್ಷೆ ಇಳಿಯಬೇಕು.

ಆ ಸೈನ್ಯದ ದಳಪತಿ, ಪಂಕ್ತಿಭೋಜನಪರೀಕ್ಷಕ-ಮಡಿಮೈಲಿಗೆವಿಶಾರದ-ಎಡಗೈನಿಷೇಧದೀಕ್ಷಿತನಾದ ಅಂಜಿನಪ್ಪ ಬೇರೆ ಯಾರೂ ಅಲ್ಲ, ದುರುಗಮ್ಮನ ಗಂಡನ ಅಣ್ಣ. ಮನೆಯಲ್ಲಿ ಹನ್ನೆರಡು ವರ್ಷದಿಂದ ಅವಳು ಭಾವನೆದುರು ಕೂತವಳಲ್ಲ. ಪಂಚಾಯತಿಯಲ್ಲಾದರೋ, ಅವಳು ಒಳಗೆ ಕಾಲಿಟ್ಟರೆ ಅವನೇ ಏಳಬೇಕು, ಅವಳು ಕೂತ ಮೇಲೆ ಕೂರಬೇಕು. ಆ ಒಂದು ಗಳಿಗೆಗಾಗಿ ಅವಳು ತಿಂಗಳಿಡೀ ಕಾಯುತ್ತಿದ್ದಳು. ಕುರ್ಚಿ ಹೋದರೆ ಅದೂ ಹೋಗುತ್ತದಲ್ಲ ಎಂಬುದೇ ಅವಳ ಸಂಕಟ.

ಸಮರದ ದಿನ ಬಂತು. ಕಚೇರಿಯ ಕಟ್ಟೆಯ ಮೇಲೆ ನಿಂತು ಅಂಜಿನಪ್ಪ ಗರ್ಜಿಸಿದ: "ಕೇಳ್ರಪ್ಪ, ಈ ಬಲಗೈ ಎತ್ತಿದ್ದಕ್ಕ ಹಿಂದ ಇಬ್ರು ಅಧ್ಯಕ್ಷರು ಮನಿಗೆ ಹೋಗ್ಯಾರೆ. ಮೂರನೇದು ಇವತ್ತು ಐತಿ."

ಒಳಗೆ ದುರುಗಮ್ಮ ಮುಂಜಾನೆಯೇ ಕರಿದು ತಂದ ಮಿರ್ಚಿಯ ಬುಟ್ಟಿ ಬಿಚ್ಚುತ್ತಿದ್ದಳು. ಅವಳ ಪಕ್ಷದಲ್ಲಿ ಉಳಿದಿದ್ದ ಏಕೈಕ ಸದಸ್ಯೆ ಸಾಕಿಬಾಯಿ ಕಣ್ಣರಳಿಸಿದಳು.

"ಇದಕ್ಕೇ ಇಷ್ಟೆಲ್ಲಾ ಆಗಿದ್ದು, ನೀನೇ ಮಾಡ್ಕಂಡು ಬಂದೀಯಲ್ಲ?"

"ಇಳಿಯೋದು ಹೆಂಗೂ ಇಳೀತೀನಿ ಅಕ್ಕಾ. ಬರೇ ಹೊಟ್ಟೀಲಿ ಕಳಿಸಿದ್ಲು ಅನ್ನೋ ಮಾತು ಬ್ಯಾಡ."

ವೀರರು ತಿಂದರು. ಅದೇನು ತಿಂದರೆನ್ನುತ್ತೀರಿ, ಒಬ್ಬೊಬ್ಬರ ಬಲಗೈ ಮೊಣಕೈವರೆಗೆ ಮಿನುಗಿತು. ಖಾರ ನೆತ್ತಿಗೇರಿ, ಕಚೇರಿಯಲ್ಲಿದ್ದ ಒಂದೇ ಕೊಡದ ನೀರನ್ನೂ ತಳ ಕಾಣುವವರೆಗೆ ಕುಡಿದರು. ಇನ್ನೊಂದು ಊರಿನ ಸಭೆಗೂ ಹೋಗಬೇಕಿದ್ದ ಉಪವಿಭಾಗಾಧಿಕಾರಿ ಗಡಿಯಾರ ನೋಡಿ, ಗಂಟಲು ಸರಿಮಾಡಿಕೊಂಡು ರಣಘೋಷ ಮಾಡಿದರು: "ಗೊತ್ತುವಳಿ ಪರವಾಗಿ ಇರೋರು ಕೈ ಎತ್ತಿ."

ಏಳು ಬಲಗೈಗಳು ಮೇಲೇಳಹೊರಟು ಅರ್ಧದಲ್ಲೇ ನಿಂತವು. ಎಲ್ಲವೂ ಎಂಜಲು. ತಿಮ್ಮೇಶಿಯೆಂಬ ಅವಸರದ ಸದಸ್ಯನೊಬ್ಬ ಎಡಗೈಯನ್ನು ಎತ್ತಿಯೇಬಿಟ್ಟ. ಅಂಜಿನಪ್ಪ ಅದನ್ನು ಮೊಣಕೈಯಿಂದ ತಳ್ಳಿ ಕೆಳಗಿಳಿಸಿದ.

"ಎಡಗೈ ಎತ್ತತೀಯೇನಲೇ, ನಾಲ್ಕು ಮಂದಿ ಕುಂತ ಸಭೇದಾಗ?"

"ಯಾವ ಕೈ ಆದ್ರೂ ನಡೆಯುತ್ತೆ," ಎಂದರು ಅಧಿಕಾರಿ.

"ನಿಮಗ ನಡೀತೈತಿ ಸಾರ್, ನಮಗ ನಡಿಯಂಗಿಲ್ಲ. ಎಂಜಲು ಕೈ ಎತ್ತಿ ಅಧ್ಯಕ್ಷರನ್ನ ಇಳಿಸಿದ್ರು ಅಂತ ಊರಾಗ ಆಡಿಕೊಂತಾರೆ. ಐದೇ ನಿಮಿಷ, ತೊಳಕೊಂಡು ಬಂದ್ವಿ."

ಸಪ್ತವೀರರು ಹಿತ್ತಲಿಗೆ ಧಾವಿಸಿದರು. ನಲ್ಲಿ ಎರಡು ಸಲ ಕೆಮ್ಮಿತು, ಹನಿ ನೀರು ಬರಲಿಲ್ಲ. ಅದರ ರಿಪೇರಿಯನ್ನು ಬಿಟ್ಟು ಎದ್ದು ಹೋದವರು ತಾವೇ ಎಂಬುದು ಆಗ ನೆನಪಾಗಿ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಉಳಿದ ದಾರಿ ಒಂದೇ, ಊರಾಚೆಯ ಶಾಲೆಯ ಕೈಪಂಪಿನ ಬೋರಿಂಗು. ಹಿಡಿಯನ್ನು ಒಬ್ಬ ಒತ್ತಬೇಕು, ಒಬ್ಬ ತೊಳೆಯಬೇಕು, ತೊಳೆದ ಕೈಯಿಂದ ಜಿಡ್ಡು ಹಿಡಿಯನ್ನು ಮುಟ್ಟಿದವ ಮತ್ತೆ ತೊಳೆಯಬೇಕು. ಸಮುದ್ರಮಥನವಾದರೂ ಇಷ್ಟು ಹೊತ್ತು ಹಿಡಿದಿರಲಾರದು.

ಇತ್ತ ಅಧಿಕಾರಿ ಐದು ನಿಮಿಷ ಕಾದರು, ಹತ್ತು ಕಾದರು, ಇಪ್ಪತ್ತೂ ಕಾದರು. ದುರುಗಮ್ಮ ಬಾಗಿಲನ್ನೇ ನೋಡುತ್ತಿದ್ದಳು. ಕೊನೆಗೆ ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

"ಪರವಾಗಿ ಯಾರೂ ಕೈ ಎತ್ತಿಲ್ಲ. ಗೊತ್ತುವಳಿ ಬಿದ್ದಿದೆ ಅಂತ ಬರ್ಕೊಳ್ಳಿ," ಎಂದು ಕಾರ್ಯದರ್ಶಿಗೆ ಹೇಳಿ, ಎದ್ದವರು ಜೀಪು ಹತ್ತಿದರು.

ಏಳು ಶುಭ್ರ, ತೊಟ್ಟಿಕ್ಕುವ ಬಲಗೈಗಳು ಮುಗಿಲಿಗೆ ಚಾಚಿ ಓಡಿಬಂದಾಗ ಅವಕ್ಕೆ ಎದುರಾದದ್ದು ಜೀಪಿನ ಧೂಳು ಮಾತ್ರ. ಅದೇ ಧೂಳು ಮೆತ್ತಿದ ಕೈಗಳನ್ನು ಇಳಿಸಲೂ ಮರೆತು ಅವರು ಸಭೆಯೊಳಗೆ ಬಂದು ನಿಂತರು. ದುರುಗಮ್ಮ ಕುರ್ಚಿಯಲ್ಲಿ ಕೂತಿದ್ದಳು. ಅಂಜಿನಪ್ಪ ನಿಂತಿದ್ದ. ಅವಳು ಅವನನ್ನು ಕಣ್ತುಂಬ ನೋಡಿದಳು, ಅವಸರವಿಲ್ಲದೆ.

"ಇವತ್ತೇ ತಿಂಗಳ ಸಭೆನೂ ಐತಿ ಭಾವಾರೆ," ಎಂದಳು. "ಎತ್ತಿದ ಕೈ ಹಂಗೇ ಇರ್ಲಿ. ಮೊದಲನೇ ವಿಷಯ, ನಲ್ಲಿ ರಿಪೇರಿ. ಎಲ್ಲರೂ ಒಪ್ಪಿದಂಗಾತು. ಇನ್ನ ಕುಂದ್ರಿ."

ಹೀಗೆ ಆ ಮಹಾಸಮರದಲ್ಲಿ ಯಾವ ಅಧ್ಯಕ್ಷೆಯೂ ಇಳಿಯಲಿಲ್ಲ. ಅರ್ಧ ಇಂಚಿನ ಹಳೆಯ ನಲ್ಲಿಯೊಂದನ್ನು ಕಿತ್ತು, ಹೊಸದನ್ನು ಹಾಕಲಾಯಿತು.