ಪಪ್ಪಾಯಿ ಗಿಡಕ್ಕ ಎರಡು ಗೀಟು

ಸೇಡಂದಾಗ ನಮ್ದೊಂದು ಸಣ್ಣ ಪ್ರಯೋಗಾಲಯ ಅದ. ಎಲಿ ಪರೀಕ್ಷಾ ಮಾಡಿ ಗಿಡಕ್ಕ ವೈರಸ್ ಹತ್ತೇದೋ ಇಲ್ಲೋ ಹೇಳೋದು ನನ್ನ ಕೆಲಸ. ಕಣ್ಣಿಗೆ ಕಾಣಲಾರದ್ದನ್ನ ಹಿಡೀತೀನಿ ಅನ್ನೋ ಜಂಬ ನನಗದ, ಇಲ್ಲಂತ ಯಾಕ ಹೇಳ್ಲಿ? ಆದ್ರ ವೈರಸ್ ಹಿಡಿಯೋದು ಸಸಾರ. ಮಂದಿ ಕಡಿಂದ ಎಲಿ ತರಸೋದರಾಗ ವಾರಕ್ಕೊಂದು ಫಜೀತಿ ಇದ್ದದ್ದೇ. ರಾವೂರಿನ ಚಾಚಾ ಒಬ್ಬರೇ ನಾಕು ಫಜೀತಿ ಕೊಟ್ಟಾರ.

೧. ಮರ್ಯಾದಿ ಎಲಿ

ಚಾಚಾಂದು ಪಪ್ಪಾಯಿ ತ್ವಾಟ. ಅಂಚಿನ ಗಿಡದ ಎಲಿ ಹಳದಿ ಬಿದ್ದು ಮುದುಡಿದ್ವು. ಊರ ಮಂದಿ, "ಕಲ್ಲಿನ ಖಣಿ ಧೂಳಿಂದ" ಅಂದ್ರು. ಧೂಳಾದ್ರ ನೀರು ಹೊಡದ್ರ ಮುಗೀತು. ವೈರಸ್ ಆದ್ರ ಆ ಗಿಡ ಕಿತ್ತಾಕಬೇಕು, ಇಲ್ಲಾಂದ್ರ ಎಲಿ ರಸ ಹೀರೋ ಹೇನು ಗಿಡದಿಂದ ಗಿಡಕ್ಕ ಹಾರಿ ಪೂರಾ ತ್ವಾಟಕ್ಕ ರೋಗ ಹಚ್ತಾವ.

"ಎಲಿ ತರ್ರಿ ಚಾಚಾ" ಅಂದೆ. ತೊಳದು ಒರಸಿ, ಹೊಸಾ ದಸ್ತಿಯೊಳಗ ಸುತ್ತಿ ತಂದ್ರು. ಹಚ್ಚಹಸರ ಎಲಿ. ವೈರಸ್ ಇಲ್ಲ.

"ಹಳದಿ ಎಲಿ ಎಲ್ಲವ?"

"ನಾಕ ಮಂದಿ ನೋಡೋ ಜಾಗಾಕ್ಕ ಅಂಥಾದ್ದು ತರ್ತಾರೇನು, ಬೇಟಿ? ಚಲೋದು ಆರಿಸಿ ತಂದೀನಿ."

ಕೆಮ್ಮೋ ಮಾವನ್ನ ಮನ್ಯಾಗ ಬಿಟ್ಟು, ಗಟ್ಟಿಮುಟ್ಟ ಅಳಿಯನ್ನ ಡಾಕ್ಟರಿಗೆ ತೋರಿಸಿದಂಗಾತು.

೨. ಬಸ್ಸಿನಾಗ ಪೇಶಂಟ್

ಎರಡನೇ ಸಲ ಹಳದಿ ಎಲಿ ಬರ್ಫಿನ ಡಬ್ಬ್ಯಾಗ ಇಟ್ಟು ವಾಡಿಯಿಂದ ಸೇಡಂ ಬಸ್ಸಿಗೆ ಹಾಕಿದ್ರು. ಮ್ಯಾಲ ನನ್ನ ಫೋನ್ ನಂಬರ್, "ಜಲ್ದಿ ಮುಟ್ಟಿಸ್ರಿ" ಅಂತ ಬರಹ. ಕಂಡಕ್ಟರ್ ರಕ್ತ ಅಂತ ತಿಳಕೊಂಡ. ಡಬ್ಬಿಗೆ ಮುಂದಿನ ಸೀಟು ಬಿಡಿಸಿಕೊಟ್ಟು, ಸೇಡಂ ಮುಟ್ಟಿದ ಕೂಡ್ಲೆ ತಾನೇ ಓಡಿ ದವಾಖಾನಿಗೆ ಒಪ್ಪಿಸಿದ.

ಅಲ್ಲಿಯ ನರ್ಸಬಾಯಿ ಫೋನ್ ಮಾಡಿದ್ರು. "ಡಬ್ಬಿ ಬಂದದರಿ ಮೇಡಂ. ಪೇಶಂಟ್ ಯಾರು?"

"ಪಪ್ಪಾಯಿರಿ" ಅಂದೆ.

ಹೆಸರು ಬರಕೊಂಡ್ರು. "ಪೇಶಂಟ್ ಜೋಡಿ ಯಾರರ ಬಂದಾರೇನ್ರಿ?"

೩. ಉಲ್ಟಾ ಗೀಟು

ಪರೀಕ್ಷಾ ನೋಡ್ಲಾಕ ಚಾಚಿ ಒಬ್ಬರೇ ಒಳಗ ಬಂದ್ರು; ಚಾಚಾ ಅಂಜಿ ಹೊರಗ ಕುಂತ್ರು. ಎಲಿ ಅರದು, ಔಷಧ ನೀರಾಗ ಕದಡಿ, ಪರೀಕ್ಷಾ ಪಟ್ಟಿ ಅದ್ದಿದೆ. ಒಂದು ಗೀಟು ಮೂಡಿತು. ಸ್ವಲ್ಪ ಹೊತ್ತಿಗೆ ಎರಡನೇದು.

ಚಾಚಿ ನನ್ನ ಕೈ ಹಿಡಕೊಂಡ್ರು. "ಮುಬಾರಕ್ ಬೇಟಿ. ನನ್ನ ಮಗಳು ಬಸರಿದ್ದಾಗೂ ಹಿಂಗೇ ಎರಡು ಗೀಟು ಬಂದಿದ್ವು."

"ಇಲ್ಲಿ ಒಂದು ಬಂದ್ರ ಖುಷಿ, ಚಾಚಿ. ಎರಡು ಬಂದ್ರ ವೈರಸ್."

ಹೊರಗ ಹೋಗಿ ಚಾಚಾಗ ಅಷ್ಟೇ ಹೇಳಿದೆ. ಬಿಂದಿಗಿಲೇ ನೀರು ಹೊತ್ತು ಬೆಳಸಿದ ಗಿಡ ಅವು. "ಇವು ಕಿತ್ತರ ಉಳಿದವು ಬದುಕ್ತಾವೇನು?" ಅಂದ್ರು. "ಇವತ್ತೇ ಕಿತ್ತರ ಆಸೆ ಅದ" ಅಂದೆ. ಸಂಜಿ ಅನ್ನೋದ್ರಾಗ ತಾವೇ ಕಿತ್ತು ಸುಟ್ರು.

ಹೋಗೋ ಮುಂದ ಚಾಚಿ ಅಂದಿದ್ರು, "ಈ ಪಟ್ಟಿ ಮಾಡೋ ಮುಂದ ಒಬ್ಬ ಹೆಣ್ಮಗಳನ್ನ ಕೇಳಬೇಕಿತ್ತು."

೪. ಕಬ್ಬಿಣದ ಹಾರಿ ಹಿಡಕೊಂಡ ಚಾಚಾ

ಆಮ್ಯಾಲ ತಿಂಗಳಿಗೊಮ್ಮಿ ಹೋಗಿ ಉಳಿದ ಗಿಡ ನೋಡಿದೆ. ಪ್ರತಿ ಸಲ ಒಂದೇ ಗೀಟು. ನಡುವ ನೋಡ್ಲಿ ಅಂತ ಅವರ ಸೊಸಿಗೂ ನಾಕು ಪಟ್ಟಿ ಕೊಟ್ಟು ಬಂದೆ. ತ್ವಾಟ ಉಳೀತು. ಮೊದಲ ಹಣ್ಣು ಚಾಚಾ ನನ್ನ ಮೇಜಿನ ಮ್ಯಾಲ ಇಟ್ಟಾಗ ಎದಿ ಉಬ್ಬಿ ಬಂತು. ಈಗ ಕೊಡ್ಲಿ ಊರಿನ ಮಂದಿ ಸುದ್ದಾ ಅವರನ್ನ ಕೇಳ್ಲಿಕತ್ತಾರ. "ಒಂದು ಬಚಾವ್, ಎರಡು ಬರಬಾದ್" ಅಂತ ಪಾಠ ಹೇಳ್ತಾರ.

ಮೊನ್ನೆ ಮುಂಜಾನೆ ಅವರ ಫೋನ್ ಬಂತು.

"ಬೇಟಿ, ಎರಡು ಗೀಟು ಬಂದಾವ. ಸೊಸಿ ಪಟ್ಟಿ ನೋಡಿ ಕಿಡಕ್ಯಾಗ ಇಟ್ಟಾಳ. ನಾ ಗಿಡ ಕೀಳೋ ಹಾರಿ ಹಿಡಕೊಂಡು ಅಂಗಳದಾಗ ನಿಂತೀನಿ."

"ಯಾವ ಗಿಡದ್ದು ಅಂತ ಸೊಸಿನ್ನ ಕೇಳಿದ್ರೇನು?"

"ಕೇಳಿದೆ. ನಕ್ಕೋತ ಒಳಗ ಓಡಿ ಹ್ವಾದ್ಲು. ಚಾಚಿನೂ ನಗ್ಲಿಕತ್ತಾಳ. ಯಾವ ಗಿಡ ಕೀಳ್ಲಿ, ನೀನರ ಹೇಳು."

"ಏನೂ ಕೀಳಬ್ಯಾಡ್ರಿ ಚಾಚಾ" ಅಂದೆ. "ತೊಟ್ಲಾ ಕಟ್ರಿ."