ಬಾವಿಯಲ್ಲಿ ಮೂಕಾದ ಮಶೀನು ಮತ್ತು ರೇವಮ್ಮನ ಗಂಟಿನ ಬಾಬತ್ತು

ಇಂದ:
ಅಮೃತಪ್ಪ, ಟಾವೆಲ್ ವ್ಯಾಪಾರಿ,
ಸೊಲ್ಲಾಪುರ
(ತಮ್ಮ ಒಬ್ಬನೇ ಅಳಿಯ)

ಗೆ:
ಮಾನ್ಯ ಶಂಕರೆಪ್ಪನವರು,
ನಿವೃತ್ತ ಕಾರಕೂನರು ಹಾಗೂ ಸದರಿ ಬಾವಿಯ ಮಾಲೀಕರು,
ನಾಗಣಸೂರ, ತಾಲೂಕಾ ಅಕ್ಕಲಕೋಟ

ಏಪ್ರಿಲ್ 1976

ವಿಷಯ: ಕೆಟ್ಟ ಮಶೀನಿನ ಮೌನವನ್ನೇ ಸಾಕ್ಷಿಯೆಂದು ಹಿಡಿದು ಹೊರಡಿಸಿದ ತೀರ್ಪನ್ನು ವಾಪಸು ಪಡೆಯುವ ಕುರಿತು.

ಉಲ್ಲೇಖ: ತಾವು ಕಟ್ಟೆಯ ಮೇಲೆ ಕುಳಿತು, ಎಲೆಅಡಿಕೆ ಉಗುಳಿ, ದಯಪಾಲಿಸಿದ ಮೌಖಿಕ ಆದೇಶ: "ಏನರೆ ಹೇಳೂದಿದ್ರ ಬರದು ಕೊಡ್ರಿ."

ಮಾನ್ಯರೇ,

ಸದರಿ ಆದೇಶದ ಮೇರೆಗೆ ಅರ್ಜಿದಾರನು ಬರೆದು ಕೊಡುತ್ತಿದ್ದಾನೆ. ಕಚೇರಿಯ ರಿವಾಜಿನಂತೆ ಮರಾಠಿಯಲ್ಲಿ ಬರೆಯಬಹುದಿತ್ತು. ಆದರೆ ಪಾರ್ವತಿಬಾಯಿ ಅತ್ತೆಯವರಿಗೂ ಇದನ್ನು ಓದಿ ಹೇಳಬೇಕಾಗಿರುವ ಕಾರಣ ಕನ್ನಡದಲ್ಲಿ ಬರೆದಿದ್ದಾನೆ. ತಾವು ಓದದಿದ್ದರೆ ತಮ್ಮ ಮಗಳು ನೀಲಗಂಗಾ ಹೊರಗೆ ಓಣಿಯಲ್ಲಿ ನಿಂತು ಓದುತ್ತಾಳೆ. ಅವಳ ದನಿ ಮೂರು ಓಣಿಗೆ ಕೇಳುತ್ತದೆಂಬುದು ತಮಗೆ ತಿಳಿದದ್ದೇ.

1. ಅತ್ತೆಯವರ ಕೈಯಲ್ಲಿದ್ದ ಬಂಗಾರದ ಪಾಟಲಿ ಬಳೆ ಒಂದು ಮಧ್ಯಾಹ್ನ ಕಾಣೆಯಾಯಿತು. ಮುಂಜಾನೆ ಬಾವಿಯ ಮೆಟ್ಟಿಲಲ್ಲಿ ಕೈಕಾಲು ತೊಳೆದದ್ದು ಅವರಿಗೆ ನೆನಪಿತ್ತು. ಉಳಿದದ್ದು ನೆನಪಿರಲಿಲ್ಲ. ಆಗ ತಾವು ಕೂಲಂಕಷ ವಿಚಾರಣೆ ಮಾಡಿ, ಅಂದರೆ ಚಹಾ ಆರುವುದರೊಳಗೆ, ಹೀಗೆ ನಿರ್ಣಯಿಸಿದಿರಿ: "ಒಂದು ಬಾವ್ಯಾಗ ಇರಬೇಕು, ಇಲ್ಲಾ ರೇವಮ್ಮನ ಗಂಟಿನ್ಯಾಗ ಇರಬೇಕು." ರೇವಮ್ಮ ಎಂದರೆ ತಮ್ಮ ಮನೆಗೆ ನೀರು ಹೊತ್ತು ಮುದುಕಿಯಾದವಳು, ನೀಲಗಂಗಾಳನ್ನು ಸೊಂಟದ ಮೇಲೆ ಆಡಿಸಿ ಬೆಳೆಸಿದವಳು.

2. ಈ ಸುದ್ದಿ ಸೊಲ್ಲಾಪುರಕ್ಕೆ ಬಂದಂದಿನಿಂದ ನೀಲಗಂಗಾ ಸರಿಯಾಗಿ ಊಟ ಮಾಡಲಿಲ್ಲ. "ಏನ್ರಿ, ಹೆಂಗರೆ ಮಾಡಿ ಆ ಬಾವ್ಯಾಗ ಹುಡುಕ್ರಿ. ಇಲ್ಲಂದ್ರ ನಮ್ಮಪ್ಪ ಆ ಮುದುಕೀನ್ನ ಹೊರಗ ಹಾಕ್ತಾನ" ಎಂದಳು. ಆದ್ದರಿಂದ ಅರ್ಜಿದಾರನು ಮಾಲಿನ ಸಲುವಾಗಿ ಮುಂಬಯಿಗೆ ಹೋದಾಗ, ಒಡೆದ ಹಡಗುಗಳ ಸಾಮಾನು ಮಾರುವ ಗುಜರಿಯಲ್ಲಿ, ನೀರಿನ ತಳದಲ್ಲಿ ಲೋಹ ಹುಡುಕುವ ಮಶೀನೊಂದನ್ನು ಕೊಂಡು ತಂದನು. ಉದ್ದ ಕೋಲು, ತುದಿಗೆ ತಾಟಿನಷ್ಟು ಅಗಲದ ಬಳೆ, ನಡುವೆ ಒಂದು ಡಬ್ಬಿ, ಕಿವಿಗೆ ಇಟ್ಟುಕೊಳ್ಳುವ ಎರಡು ಬಟ್ಟಲು. ಲೋಹ ಸಿಕ್ಕರೆ ಬಟ್ಟಲಿನಲ್ಲಿ ಕುಂಯ್ ಅನ್ನಬೇಕು. "ಸಮುದ್ರದಾಗ ಕೆಲಸ ಮಾಡೇದ" ಎಂದು ಗುಜರಿಯವನು ಹೇಳಿದನು. ನಿಜವೇ ಇರಬೇಕು, ಡಬ್ಬಿಯ ತುಂಬ ಉಪ್ಪಿತ್ತು.

3. ರಿಪೇರಿಗೆ ಯಾರ ಕೈಗೂ ಕೊಡದೆ ತಾನೇ ಮಾಡುವೆನೆಂದು ಅರ್ಜಿದಾರನು ಪಣ ತೊಟ್ಟನು. ರೇಡಿಯೋ ಬಿಚ್ಚಿದವನಿಗೆ ಇದೇನು ಮಹಾ ಎಂದು ಅವನಿಗನಿಸಿತ್ತು. ಆ ರೇಡಿಯೋ ಇನ್ನೂ ಬಿಚ್ಚಿದ ಸ್ಥಿತಿಯಲ್ಲೇ ಇದೆಯೆಂಬುದು ಬೇರೆ ಬಾಬತ್ತು. ತುಕ್ಕನ್ನು ಹುಣಸೆಹಣ್ಣಿನಿಂದ ತಿಕ್ಕಿದನು. ಬಿರಿದ ವಾಯರಿಗೆ ಸೈಕಲ್ ಟ್ಯೂಬ್ ಸೀಳಿ ಸುತ್ತಿದನು. ಡಬ್ಬಿಯ ಮುಚ್ಚಳಕ್ಕೆ ರಬ್ಬರ್ ರಿಂಗು ಇರಲಿಲ್ಲವಾದ ಕಾರಣ ಕುಕ್ಕರಿನ ರಿಂಗನ್ನು ಕತ್ತರಿಸಿ ಕೂಡಿಸಿದನು. ಆ ಕಾರಣ ಮನೆಯಲ್ಲಿ ಬೇಳೆ ಬೇಯಲಿಲ್ಲ. ಆ ಕಾರಣ ಅರ್ಜಿದಾರನು ಖಾರಬ್ಯಾಳಿಯ ಬದಲು ಬರೀ ಖಾರ ಉಂಡನು. ಬಿಟ್ಟುಹೋದ ವಾಯರನ್ನು ಬೆಸೆಯುವಾಗ ಎಡಗೈ ಹೆಬ್ಬೆರಳೂ ಜೊತೆಗೇ ಬೆಸೆಯಿತು.

ಕಡೆಗೆ ನೀರಿನ ಹೌದಿನಲ್ಲಿ ಒಂದು ಸೌಟು ಹಾಕಿ ಪರೀಕ್ಷಿಸಿದಾಗ ಮಶೀನು ಕುಂಯ್ ಎಂದಿತು. ನೀಲಗಂಗಾ ಮದುವೆಯಾದ ಮೇಲೆ ಮೊದಲ ಸಲ ಗಂಡನನ್ನು ಶಾಣ್ಯಾ ಎಂದಳು.

4. ನಾಗಣಸೂರಿನ ಬಾವಿಯಲ್ಲಿ ನಡೆದದ್ದಕ್ಕೆ ಅರ್ಧ ಊರೇ ಸಾಕ್ಷಿ. ಎದೆಮಟ ನೀರಿನಲ್ಲಿ ಅರ್ಜಿದಾರ, ಮೇಲೆ ತಾವು. ನೀರೆತ್ತುವ ಇಂಜಿನ್ನಿನ ಪೈಪಿನ ಬಳಿ ಮಶೀನು ಒಮ್ಮೆ ಜೋರಾಗಿ ಕೂಗಿತು, ಡಬ್ಬಿಯಿಂದ ಗುಳ್ಳೆಗಳೆದ್ದವು, ಆಮೇಲೆ ಪೈಪಿಗೇ ಒತ್ತಿ ಹಿಡಿದರೂ ಸಪ್ಪಳವಿಲ್ಲ.

"ಮಾವಾರ, ಒಳಗ ನೀರು ಹೊಕ್ಕೇದ್ರಿ. ಮಶೀನು ಮೂಕಾಗ್ಯಾದ" ಎಂದು ಅರ್ಜಿದಾರನು ನೀರಿನಿಂದಲೇ ಕೂಗಿ ಹೇಳಿದ್ದಾನೆ.

"ಮೂಕರು ಸುಳ್ಳು ಹೇಳಂಗಿಲ್ಲ ಅಳಿಯಾರ. ಬಾವ್ಯಾಗ ಇಲ್ಲಂದ್ರ ಇಲ್ಲ" ಎಂದು ತಾವು ಅಪ್ಪಣೆ ಕೊಡಿಸಿದಿರಿ.

ಕೂಡಲೇ, ನೀರಿಗೆ ಬಂದ ಹೆಂಗಸರೆಲ್ಲರ ಎದುರಿಗೆ, ರೇವಮ್ಮನ ಗಂಟು ಬಿಚ್ಚಿಸಿದಿರಿ. ಎರಡು ಸೀರೆ, ಒಂದು ಹಣಿಗೆ, ನೀಲಗಂಗಾಳ ಎಳೆವೆಯ ಕುಂಚಿಗೆ. ರೇವಮ್ಮ ಅಳಲಿಲ್ಲ. ಕುಂಚಿಗೆಯ ಮಣ್ಣು ಝಾಡಿಸಿ, ಮಡಿಸಿ, ಗಂಟು ಕಟ್ಟಿಕೊಂಡು ಚಪಳಗಾಂವದ ಹಾದಿ ಹಿಡಿದಳು. ಗಂಟಿನಲ್ಲಿ ಪಾಟಲಿ ಸಿಗದಿದ್ದದ್ದನ್ನು ತಾವು ಆಕೆಯ ನಿರಪರಾಧಕ್ಕಲ್ಲ, ಜಾಣತನಕ್ಕೆ ಪುರಾವೆಯೆಂದು ದಾಖಲಿಸಿದಿರಿ.

5. ಮಶೀನು ಕೆಟ್ಟಿತ್ತೆಂದು ತೋರಿಸಲೇಬೇಕಾದ್ದರಿಂದ ಅರ್ಜಿದಾರನು ತಮ್ಮ ಅಂಗಳದಲ್ಲೇ ಡಬ್ಬಿ ಬಿಚ್ಚಿದನು. ನೀರು ಸುರಿಯಿತು. ಕುಕ್ಕರಿನ ರಿಂಗು ಸುಕ್ಕುಗಟ್ಟಿ ಪಕ್ಕಕ್ಕೆ ಸರಿದಿತ್ತು. ಬಿಸಿಲಿಗೆ ಒಣಗಿಸಿ, ಮೇಣ ಕರಗಿಸಿ ಸಂದಿಗೆ ಹೊಯ್ದು, ಕಡಿದ ವಾಯರನ್ನು ಜೊತೆಗೆ ಬಂದಿದ್ದ ನೀಲಗಂಗಾಳಿಂದ ಹೊಸೆಯಿಸಿ, ಪಡಸಾಲೆಯಲ್ಲಿ ಚಾಲೂ ಮಾಡಿ ನೋಡಿದನು. ಜೋಳದ ಚೀಲದ ಹತ್ತಿರ ಕೋಲಿನ ತುದಿಯ ಬಳೆ ಹೋದದ್ದೇ ತಡ, ಮಶೀನು ಕರು ಕಳಕೊಂಡ ಎಮ್ಮೆಯಂತೆ ಒದರಿತು. ನೀಲಗಂಗಾ ತೋಳುದ್ದ ಕೈ ಹಾಕಿ ಪಾಟಲಿ ತೆಗೆದಳು.

"ಅಯ್ಯ ಶಿವನ! ಅವತ್ತ ಗಿರಣಿಗೆ ಇದ ಚೀಲದಾಗ ಕೈ ಹಾಕಿ ಜ್ವಾಳ ತುಂಬಿ ಕೊಟ್ಟಿದ್ನಲ್ಲ!" ಎಂದು ಅತ್ತೆಯವರು ಅಲ್ಲೇ ಕುಸಿದು ಕುಳಿತರು.

ತಾವು ಮಾತ್ರ ವಿಚಲಿತರಾಗದೆ, "ಆತು ಬಿಡ್ರಿ, ಸಿಕ್ತಲ್ಲ. ಮುದುಕಿಗೆ ಬಾ ಅಂತ ಯಾರ ಕೈಲರೆ ಹೇಳಿ ಕಳಸೋಣು" ಎಂದಿರಿ. ಅರ್ಜಿದಾರನು ಮುಂದೆ ಮಾತಾಡಹೋದಾಗ ಉಲ್ಲೇಖಿತ ಆದೇಶ ಹೊರಬಿತ್ತು.

6. ತಮ್ಮ ಪರವಾಗಿ ಅರ್ಜಿದಾರನೂ ನೀಲಗಂಗಾಳೂ ಚಪಳಗಾಂವಕ್ಕೆ ಹೋಗಿ ಬಂದರು. ರೇವಮ್ಮ ಸೋದರಸೊಸೆಯ ಮನೆಯ ಮುಂದೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ಪಾಟಲಿ ಸಿಕ್ಕದ್ದು ಕೇಳಿ, "ಛಲೋ ಆತು ತಂಗಿ, ನಿಮ್ಮವ್ವನ ಜೀವ ತಣ್ಣಗಾತು" ಎಂದಳು. ಮೊರ ಕೆಳಗಿಟ್ಟು, ಆಮೇಲೆ ಹೇಳಿದಳು: "ನನ್ನ ಗಂಟು ಬಿಚ್ಚಿದ್ದು ಮಂದಿ ಮುಂದ. ಸಿಕ್ತು ಅನ್ನೂದು ಮನಿ ಒಳಗ ಯಾಕ? ಆ ಮಂದಿ ಮುಂದನ ಸಾವಕಾರ್ರು ಒಂದು ಮಾತು ಹೇಳಲಿ. ಹೇಳಿದ್ರ ಬರ್ತೀನಿ. ಇಲ್ಲಂದ್ರ ಇಲ್ಲೂ ನೀರು ಅವ, ಕೊಡಾನೂ ಅವ."

ನೀಲಗಂಗಾ ಆಕೆಯ ತೊಡೆಯ ಮೇಲೆ ತಲೆಯಿಟ್ಟು ಅತ್ತದ್ದನ್ನು ಈ ಅರ್ಜಿಯ ಭಾಗವೆಂದು ಪರಿಗಣಿಸಬೇಕಾಗಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದಾಗಿ, ತಾವು ಖುದ್ದಾಗಿ ಗಾಡಿ ಹೂಡಿಸಿಕೊಂಡು ಚಪಳಗಾಂವಕ್ಕೆ ಹೋಗಿ, ರೇವಮ್ಮನನ್ನು ಕೂಡಿಸಿಕೊಂಡು ಬಂದು, ಅದೇ ಬಾವಿಯ ಮೇಲೆ, ಹೆಂಗಸರು ನೀರಿಗೆ ಬರುವ ಅದೇ ಹೊತ್ತಿಗೆ, ಗಂಟು ಬಿಚ್ಚಿಸುವಾಗ ಬಳಸಿದ ಅದೇ ದನಿಯಲ್ಲಿ, "ತಪ್ಪು ನಂದು" ಎಂದು ಹೇಳಬೇಕಾಗಿ ವಿನಂತಿ. ಗಂಟಲು ಸರಿಯಿಲ್ಲವೆಂಬ ಸಬೂಬನ್ನು ಸ್ವೀಕರಿಸಲಾಗದು. ಅಲ್ಲಿಯವರೆಗೆ ತಮ್ಮ ಮಗಳು ತವರಿನ ಹೊಸ್ತಿಲು ತುಳಿಯುವುದಿಲ್ಲವೆಂದು ತಿಳಿಸಿದ್ದಾಳೆ. ಅರ್ಜಿದಾರನು ಅವಳಿಗೆ ತಿಳಿಹೇಳಲು ಪ್ರಯತ್ನಿಸಿಲ್ಲ, ಪ್ರಯತ್ನಿಸುವ ಇರಾದೆಯೂ ಇಲ್ಲ.

ತಮಗೆ ಇನ್ನೂ ವಿಶ್ವಾಸವಿದ್ದರೆ ವಿಶ್ವಾಸಿ, ಇಲ್ಲವಾದರೆ ಅಳಿಯ ಮಾತ್ರ,
ಅಮೃತಪ್ಪ

ಲಗತ್ತುಗಳು:
ಒಂದು: ನೀಲಗಂಗಾಳ ಸಹಿ, ಸಿಟ್ಟಿನಲ್ಲಿ ಮಾಡಿದ್ದು.
ಎರಡು: ಹಿತ್ತಾಳೆಯ ತಂಬಿಗೆ, ತಮ್ಮ ಹೆಸರು ಕೆತ್ತಿದ್ದು. ಮಶೀನು ಸರಿಯಾದ ಮೇಲೆ ಪರೀಕ್ಷೆಗೆಂದು ಮತ್ತೊಮ್ಮೆ ಬಾವಿಗಿಳಿಸಿದಾಗ ಕೆಸರಿನಲ್ಲಿ ಸಿಕ್ಕಿತು. ಇದನ್ನು ಕದ್ದನೆಂದು ತಾವು ಹಿಂದೊಮ್ಮೆ ಕೆಲಸ ಬಿಡಿಸಿದ ಸಾಯಬಣ್ಣ ಈಗ ಯಾವ ಊರಿನಲ್ಲಿದ್ದಾನೆಂದು ದಯವಿಟ್ಟು ತಿಳಿಸಬೇಕು, ಮತ್ತು ಗಾಡಿ ಹೇಗೂ ಹೊರಡುವುದರಿಂದ ಅದರಲ್ಲಿ ಅವನಿಗೂ ಜಾಗ ಇಡಬೇಕು.